ಭಾನುವಾರದ ಅತಿಥಿ

ನನ್ನ ಗಂಡ ಕೊಚ್ಚಿಯ ನೌಕಾನೆಲೆಯಲ್ಲಿ ಗಣಿತ ಕಲಿಸುತ್ತಿದ್ದರು. ಐವತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ನೆರೆದೇಶಗಳ ಅಧಿಕಾರಿಗಳೂ ತರಬೇತಿಗೆ ಅಲ್ಲಿಗೆ ಬರುತ್ತಿದ್ದರು. ಮುಂದೆ ಒಟ್ಟಾಗಿ ಸಮುದ್ರ ಕಾಯಬೇಕಾದವರು ಈಗಲೇ ಸ್ನೇಹಿತರಾಗಲಿ ಎಂದು ಕಮಾಂಡಿನ ಹಿರಿಯರು ಒಂದು ಏರ್ಪಾಡು ಮಾಡಿದರು. ಒಬ್ಬೊಬ್ಬ ಅತಿಥಿಗೆ ಒಂದೊಂದು ಮನೆ, ಪ್ರತಿ ಭಾನುವಾರ ಊಟ.

"ನಮ್ಮ ಪಾಲಿಗೆ ಬರ್ಮಾದವರೊಬ್ಬರು ಬಂದಿದ್ದಾರೆ ಮಾರಾಯ್ತಿ," ಎಂದರು ಇವರು, ಶೂ ಬಿಚ್ಚುತ್ತ.

"ದೇಶದೇಶದ ಸ್ನೇಹಕ್ಕೆ ಅಕ್ಕಿ ರುಬ್ಬುದು ನಾನಾ? ನನಗೆ ಸಾಕಾಗಿ ಹೋಗಿದೆ."

ಇವರು ನಕ್ಕುಬಿಟ್ಟರು. ದೊಡ್ಡ ಮಗಳು ಇನ್ನೂ ಚಿಕ್ಕವಳು, ಕೈಗೂಸಿಗೆ ಹಲ್ಲು ಬರುವ ಕಾಲ. ನಲ್ಲಿಯಲ್ಲಿ ನೀರು ಬೆಳಿಗ್ಗೆ ಸ್ವಲ್ಪ ಹೊತ್ತು ಮಾತ್ರ. ವಾರಕ್ಕೊಮ್ಮೆ ಸಿಗುತ್ತಿದ್ದ ಬಿಡುವೂ ಹೋಯಿತು.

ಆ ಯುವಕ ಬಿಳಿ ಸಮವಸ್ತ್ರದಲ್ಲಿ ಬಂದು, ಮೀನಿಲ್ಲದ ನಮ್ಮ ಊಟವನ್ನು ತಲೆತಗ್ಗಿಸಿ ಉಣ್ಣುತ್ತಿದ್ದ. ಇಂಗ್ಲಿಷಿನಲ್ಲಿ "ಚೆನ್ನಾಗಿದೆ" ಅನ್ನುತ್ತಿದ್ದ, ಅಷ್ಟೆ. ನನಗೂ ಮಾತಾಡುವ ತ್ರಾಣವಿರಲಿಲ್ಲ.

ತರಬೇತಿ ಮುಗಿಯುವ ಮೊದಲು ಅತಿಥಿಗಳನ್ನೂ ಮನೆಯವರನ್ನೂ ತಿರುವನಂತಪುರ ತೋರಿಸಲು ಕರೆದೊಯ್ದರು. ಇಡೀ ದಿನ ಬಸ್ಸು. ಮಗು ದಾರಿಯುದ್ದಕ್ಕೂ ಅತ್ತಿತು. ಮರುದಿನ ಮ್ಯೂಸಿಯಂ ತೋಟದಲ್ಲಿ ಫೋಟೋಕ್ಕೆಂದು ಎಲ್ಲರನ್ನೂ ಸಾಲಾಗಿ ನಿಲ್ಲಿಸುವಾಗ ನನಗೆ ಕಣ್ಣು ಕತ್ತಲೆ ಬಂತು. ಬೆಂಚಿನ ಮೇಲೆ ಕುಳಿತುಬಿಟ್ಟೆ. ಇವರು ಮುಂದೆಲ್ಲೋ ಅಧಿಕಾರಿಗಳ ಜೊತೆಗಿದ್ದರು. ಬರ್ಮಾದ ಹುಡುಗ ಬಂದು ಕೈಚಾಚಿದ.

"ಮಗುವನ್ನು ಕೊಡಿ. ಊರಲ್ಲಿ ಅಕ್ಕನ ಮಕ್ಕಳನ್ನು ನಾನೇ ಮಲಗಿಸುತ್ತಿದ್ದೆ. ನೀವು ನಿದ್ದೆ ಮಾಡಿ."

"ಫೋಟೋಕ್ಕೆ ಕರೆಯುತ್ತಾರೆ," ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ.

"ಕರೆಯಲಿ."

ನಾನು ಕೂತಲ್ಲೇ ನಿದ್ದೆಹೋದೆ. ಎಚ್ಚರವಾದಾಗ ಬಿಸಿಲು ಕಾಲಿನ ಮೇಲೆ ಬಂದಿತ್ತು. ಅವನು ಮರದ ನೆರಳಲ್ಲಿ ಅತ್ತಿತ್ತ ನಡೆಯುತ್ತ ತನ್ನ ಭಾಷೆಯಲ್ಲಿ ಏನೋ ಗುನುಗುತ್ತಿದ್ದ. ಬಿಳಿ ಅಂಗಿಯ ಹೆಗಲು ಮಗುವಿನ ಜೊಲ್ಲಿನಿಂದ ಒದ್ದೆಯಾಗಿತ್ತು. ದೊಡ್ಡ ಮಗಳು ಅವನ ಬೆರಳು ಹಿಡಿದು ಗಿಡಗಿಡಕ್ಕೂ "ಇದೆಂದಾ?", ಇದೇನು ಎಂದು, ನೆರೆಮನೆ ಮಕ್ಕಳಿಂದ ಕಲಿತ ಮಲಯಾಳದಲ್ಲಿ ಕೇಳುತ್ತಿದ್ದಳು. ಅವನು ಬರ್ಮೀ ಭಾಷೆಯಲ್ಲಿ ಉತ್ತರಿಸುತ್ತಿದ್ದ. ಇಬ್ಬರಿಗೂ ಏನೂ ತೊಂದರೆಯಾದಂತೆ ಕಾಣಲಿಲ್ಲ.

ಇವರು ಓಡಿಬಂದರು. "ಇಷ್ಟು ಸುಸ್ತು ಅಂತ ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ನೀವು ನಕ್ಕಿರಿ."

ಇವರ ಮುಖ ಸಣ್ಣದಾಯಿತು. ಕೊಚ್ಚಿಗೆ ಮರಳಿದ ಮೇಲೆ ತಾವೇ ಹೋಗಿ, ನಮ್ಮ ಮನೆಗೆ ಅತಿಥಿ ತಿಂಗಳಿಗೊಮ್ಮೆ ಬಂದರೆ ಸಾಕೆಂದು ಕೇಳಿಕೊಂಡು ಬಂದರು. ಮೇಲಿನವರು ಒಪ್ಪಿದರು.

ಬರ್ಮಾದ ಹುಡುಗ ಊರಿಗೆ ಹೋದ. ಮುಂದಿನ ತಂಡದಲ್ಲಿ ಸಿಲೋನಿನವರೊಬ್ಬರು ಬಂದರು, ತುಂಬ ಮಾತಿನವರು. ಅವರ ಊಟದ ಹಿಂದಿನ ದಿನ ಅಕ್ಕಿ ನೆನೆಹಾಕುವಾಗ ಸೊಂಟ ಎಂದಿನಂತೆ ನೋಯುತ್ತಿತ್ತು. ಪಕ್ಕದಲ್ಲಿ ಇವರು ತುರಿಮಣೆಯ ಮೇಲೆ ಕುಳಿತು, ರೂಢಿಯಿಲ್ಲದ ಕೈಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದರು.