ಮಂಚ ಮುರಿದ ದಿನದ ಮಾತು

ಇಡೀ ಬೀದಿಗೆ ಅವಳು ಕಾಜಕ್ಕ. ಅಂಗಿಯ ಗುಂಡಿಗೆ ಕಣ್ಣು ಹೊಲಿಯುವ ಕಾಜಾ ಕೆಲಸದಲ್ಲಿ ಅವಳದು ಎತ್ತಿದ ಕೈ. ಹೆತ್ತವರನ್ನು ಕಳೆದುಕೊಂಡು ಪುಟ್ಟ ವಯಸ್ಸಿನಲ್ಲೇ ದೊಡ್ಡಪ್ಪನ ಮನೆ ಸೇರಿದವಳು, ಅವರ ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಬೆಳೆದಳು. ಅಂಗಡಿ ಯಾರದಮ್ಮ ಎಂದು ಯಾರಾದರೂ ಕೇಳಿದರೆ ಮೊದಲು ‘ದೊಡ್ಡಪ್ಪನದು’ ಎನ್ನುತ್ತಿದ್ದಳು, ಎಷ್ಟೋ ವರ್ಷಗಳ ಮೇಲೆ ‘ಅಕ್ಕಂದಿರದು’.

ಆ ಅಕ್ಕಂದಿರು ದೊಡ್ಡಪ್ಪನ ಹೆಣ್ಣುಮಕ್ಕಳು, ಇಬ್ಬರೂ ಮಹಾ ಕಿಲಾಡಿಗಳು. ಗಿರಾಕಿಗಳ ಹೊಟ್ಟೆಯ ಸುತ್ತಳತೆಯನ್ನು ಅವರೆದುರಿಗೇ ಆಡಿಕೊಳ್ಳಲು ಚಿಕ್ಕಂದಿನಲ್ಲೇ ತಮ್ಮದೊಂದು ಭಾಷೆ ಕಟ್ಟಿದ್ದರು. ನಾನು ಅಂದರೆ ನಾಪಿ, ನೀನು ಅಂದರೆ ನೀಪಿ, ಅವನು ಅವಪಿ, ನಾವು ನಾವ್ಪಿ. ಯಾವ ಮಾತಿಗಾದರೂ ‘ಪಿ’ ಎಂಬ ಬಾಲ ಅಂಟಿಸಿದರೆ ಸರಿ.

ಕಾಜಕ್ಕ ಆ ಮನೆಗೆ ಬಂದ ದಿನ ಅತ್ತು ಅತ್ತು ಮೂಲೆಯಲ್ಲಿ ಮುದುಡಿದ್ದಳು. ಅಕ್ಕಂದಿರು ಅವಳನ್ನು ತಮ್ಮ ಮಂಚಕ್ಕೆ ಎಳೆದುಕೊಂಡರು. ಇಬ್ಬರನ್ನೇ ನರಳುತ್ತಾ ಹೊರುತ್ತಿದ್ದ ಮಂಚ, ಮೂರನೆಯವಳು ಹತ್ತಿದ್ದೇ ತಡ, ಗುಡುಂ ಎಂದು ನೆಲ ಕಚ್ಚಿತು. ಅಳುತ್ತಿದ್ದವಳು ಬಿದ್ದು ಬಿದ್ದು ನಕ್ಕಳು. ಅಂದಿನಿಂದ ಅವರ ಭಾಷೆಯಲ್ಲಿ ‘ನಾವು’ ಎನ್ನಲು ‘ಗುಡುಂ’ ಎಂದಾಯಿತು.

“ಇದಕ್ಕೆ ಬಾಲ ಎಲ್ಲಿ?” ಎಂದು ಚಿಕ್ಕಕ್ಕ ತಕರಾರು ತೆಗೆದಳು.

“ಇದೊಂದಕ್ಕೆ ಬಾಲ ಬೇಡ ಬಿಡೆ. ನಾವ್ಪಿ ಅಂದ್ರೆ ನಾವಿಬ್ರೇ ಆಗಿದ್ವಿ. ಈಗ ಮೂರು ಜನ,” ಎಂದಳು ದೊಡ್ಡಕ್ಕ.

ಈಗ ಮೂವರ ತಲೆಯೂ ನರೆತಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ಅಂಗಡಿ ಮಕ್ಕಳ ಹೆಸರಿಗೆ ಬಂತು. ಹಳೆ ಬೋರ್ಡು ಇಳಿಸಿ ಹೊಸದು ಬರೆಸೋಣ ಎಂದು ಅಕ್ಕಂದಿರು ಪಿಸುಗುಟ್ಟಿದ್ದು ಕಾಜಕ್ಕನ ಕಿವಿಗೆ ಬಿತ್ತು. ಅವಳನ್ನು ಒಂದು ಮಾತೂ ಕೇಳಿರಲಿಲ್ಲ. ಇನ್ನು ಮುಂದೆ ತಾನಿಲ್ಲಿ ಮನೆಯವಳೋ ಕೂಲಿಯವಳೋ ಎಂಬ ಹುಳ ತಲೆಯೊಳಗೆ ಹೊಕ್ಕಿತು. ಅದನ್ನು ಬಾಯಿಬಿಟ್ಟು ಕೇಳುವ ಜಾಯಮಾನ ಅವಳದಲ್ಲ. ಅನ್ನ ಕೊಟ್ಟರು, ಕಸುಬು ಕೊಟ್ಟರು, ಮಲಗಲು ಮಗ್ಗುಲಲ್ಲೇ ಜಾಗ ಕೊಟ್ಟರು. ಇಷ್ಟು ಸಿಕ್ಕಿದ್ದೇ ತನ್ನ ಪುಣ್ಯ ಎಂದುಕೊಂಡಳು. ಆದರೂ ಬೋರ್ಡು ಬರೆಯುವವನು ಏಣಿ ತಂದ ದಿನ ಮತ್ತೆ ಮತ್ತೆ ಬೆರಳಿಗೆ ಸೂಜಿ ಚುಚ್ಚಿಕೊಂಡಳು.

ಅವನು ಕುಂಚ ಹಿಡಿದೇ ಒಳಗೆ ಇಣುಕಿದ. “ಅಲ್ಲಮ್ಮಾ, ಗುಡುಂ ಟೈಲರ್ಸ್ ಅಂತ ಬರೆಸ್ತಿದ್ದೀರಲ್ಲ, ಇದು ಹೊಲಿಗೆ ಅಂಗಡಿನೋ ಪಟಾಕಿ ಅಂಗಡಿನೋ?”

ಕಾಜಕ್ಕನ ಸೂಜಿ ಅಲ್ಲೇ ನಿಂತಿತು.

“ಅವಳನ್ನೇ ಕೇಳಪ್ಪ,” ಎಂದಳು ದೊಡ್ಡಕ್ಕ, ಕತ್ತರಿಸುತ್ತಿದ್ದ ಬಟ್ಟೆಯಿಂದ ಕಣ್ಣೆತ್ತದೆ. “ಮಂಚ ಮುರಿದವಳು ಅವಳು.”

ಕಾಜಕ್ಕ ಎದ್ದು ಬೀದಿಗಿಳಿದು ಮೇಲೆ ನೋಡಿದಳು. ಕಣ್ಣು ತುಂಬಿ ಬಂದು ಅಕ್ಷರಗಳು ಕಲಸಿಹೋದವು. ಜನ್ಮಕ್ಕಾಗುವಷ್ಟು ಕೊಟ್ಟವರು ಇನ್ನೂ ಕೊಡುತ್ತಲೇ ಇದ್ದಾರಲ್ಲ ಎನಿಸಿತು. ಅವಳ ಮುಖ ನೋಡಿ ಬೋರ್ಡಿನವನಿಗೆ ಗಾಬರಿಯಾಯಿತು.

“ಯಾಕಮ್ಮಾ, ಹೆಸರು ತಪ್ಪಾಯ್ತಾ? ಅಂಗಡಿ ಯಾರದು, ಅವರನ್ನ ಕರೀರಿ.”

“ತಪ್ಪೇನಿಲ್ಲ, ಬರಿಯಪ್ಪ,” ಎಂದಳು ಕಾಜಕ್ಕ, ಸೆರಗಿನಿಂದ ಕಣ್ಣೊರೆಸಿಕೊಂಡು. “ಅಂಗಡಿ ನಮ್ದೇ.”