ನನ್ನ ನಾದಿನಿಯ ಪ್ರೋಟೀನು

ನನ್ನ ನಾದಿನಿ ಮದುವೆಯಾಗಿಲ್ಲ. ಫ್ರೀಜರಿನ ಜೊತೆ ಸಂಸಾರ ಹೂಡಿದ್ದಾಳೆ ಎಂದು ನಾನು ಹೇಳುವುದುಂಟು. ಅವಳ ಕೆಲಸ ಪ್ರಯೋಗಾಲಯದಲ್ಲಿ ಪ್ರೋಟೀನು ತಯಾರಿಸುವುದು. ಮನುಷ್ಯರ ಜೀನೊಂದನ್ನು ಬ್ಯಾಕ್ಟೀರಿಯಾದೊಳಗೆ ತೂರಿಸಿ, ಆ ಬಡಪಾಯಿಗಳಿಂದ ಬಿಟ್ಟಿ ಚಾಕರಿ ಮಾಡಿಸಿಕೊಂಡು, ಕೊನೆಗೆ ಅವುಗಳ ಹೊಟ್ಟೆ ಒಡೆದು ಪ್ರೋಟೀನು ಸೋಸಿ ತೆಗೆಯುತ್ತಾಳೆ. ನಮ್ಮ ಮೈಯ ಕಾವಲುಪಡೆ ರೋಗಾಣುಗಳ ಮೇಲೆ ಏರಿಹೋಗಬೇಕು; ಒಮ್ಮೊಮ್ಮೆ ತಲೆಕೆಟ್ಟು ನಮ್ಮ ಮೇಲೇ ಬೀಳುತ್ತದೆ. ಈ ಪ್ರೋಟೀನು ಅದಕ್ಕೆ ‘ಸಾಕು, ಸುಮ್ಮನಿರು’ ಎನ್ನುತ್ತದಂತೆ. ಇಂಥದ್ದೊಂದನ್ನು ನಮ್ಮತ್ತೆಗೂ ಮಾಡಿಕೊಡು ಎಂದೆ. ನಾದಿನಿ ನಗಲಿಲ್ಲ.

ಕಾರಣವಿತ್ತು. ಅಂಥ ತಲೆಕೆಟ್ಟ ಕಾವಲುಪಡೆ ಇರುವುದು ಅವಳ ಅಕ್ಕನ, ಅಂದರೆ ನನ್ನ ಹೆಂಡತಿಯ ಮೈಯಲ್ಲಿ. ಬೆರಳ ಗೆಣ್ಣುಗಳನ್ನು ಅದು ಒಳಗಿಂದಲೇ ತಿನ್ನುತ್ತಿದೆ. ಡಾಕ್ಟರರ ಮಾತ್ರೆ ಹೇಗೋ ತಡೆದು ಹಿಡಿದಿದೆ, ಆದರೆ ಮಾತ್ರೆ ನುಂಗಿದರೆ ಇಡೀ ದಿನ ವಾಕರಿಕೆ.

ನಮ್ಮ ಜೊತೆಗೇ ಇರುವ ಅತ್ತೆ ಚಿಕ್ಕ ಮಗಳ ಬೆನ್ನು ಬಿದ್ದರು. “ಒಂದು ತೊಟ್ಟು ತಂದ್ರೆ ನಿನ್ನ ಗಂಟೇನು ಹೋಗುತ್ತೆ?”

“ಅದು ಔಷಧಿ ಅಲ್ಲಮ್ಮ. ಇಲಿ ಮೇಲೆ ಪ್ರಯೋಗ ಮಾಡೋಕೆ.”

“ಇಲಿಗಿಂತ ನಿಮ್ಮಕ್ಕ ಕಡೆಯಾದ್ಲಾ?”

ಇದಕ್ಕೆ ಯಾವ ವಿಜ್ಞಾನದಲ್ಲೂ ಉತ್ತರವಿಲ್ಲ. ಅತ್ತೆ ಊಟ ಬಿಟ್ಟರು, ಮಾತು ಬಿಟ್ಟರು. ಮಾತು ಬಿಟ್ಟದ್ದರ ಬಗ್ಗೆ ನನ್ನ ತಕರಾರಿರಲಿಲ್ಲ. ನಾದಿನಿಗೆ ಮಾತ್ರ ತಡೆಯಲಾಗಲಿಲ್ಲ. ಅಮ್ಮನನ್ನು ಸಮಾಧಾನ ಮಾಡಲು ಬರೀ ಉಪ್ಪುನೀರು ತಂದುಕೊಡುವುದೆಂದು ತೀರ್ಮಾನಿಸಿದಳು. ಇದು ನನಗೆ ಗೊತ್ತಾದದ್ದು ಆಮೇಲೆ.

ಆದರೆ ಅಭ್ಯಾಸ ಬಿಡಬೇಕಲ್ಲ! ಆ ಉಪ್ಪುನೀರನ್ನು ಸೋಸಿ, ಕಿರುಬೆರಳಿನಷ್ಟು ಟ್ಯೂಬುಗಳಿಗೆ ಹಂಚಿ, ಥರ್ಮೋಕೋಲ್ ಡಬ್ಬಿಯ ತುಂಬ ಐಸು ಹಾಕಿ, ಬಸ್ಸಿನಲ್ಲಿ ಕುಲುಕೀತೆಂದು ನಡೆದೇ ಬಂದಳು. ನಾನು ಬಾಗಿಲು ಜೋರಾಗಿ ಹಾಕಿದ್ದಕ್ಕೆ “ಭಾವ, ಮೆಲ್ಲಗೆ!” ಎಂದು ಗದರಿದಳು. ಇಷ್ಟೆಲ್ಲ ನೋಡಿದ ಮೇಲೆ ಯಾರು ತಾನೇ ನಂಬುವುದಿಲ್ಲ? ನನ್ನ ಹೆಂಡತಿ ಮೊದಲ ಟ್ಯೂಬನ್ನು ನಾಲಿಗೆಗೆ ಸುರಿದುಕೊಂಡು, “ಉಪ್ಪುಪ್ಪಾಗಿದೆ” ಎಂದಳು. “ಔಷಧಿ ಮತ್ತೆ ಪಾಯಸದ ಹಾಗಿರುತ್ತಾ?” ಎಂದರು ಅತ್ತೆ.

ಕೆಲವೇ ದಿನಗಳಲ್ಲಿ ನೋವು ಎಷ್ಟೋ ವಾಸಿ ಎಂದು ಹೆಂಡತಿ ಓಡಾಡತೊಡಗಿದಳು. “ಇನ್ಯಾಕೆ ಆ ಹಾಳು ಮಾತ್ರೆ? ಬಿಟ್ಟೇಬಿಟ್ಟೆ!” ನಾನು ಖುಷಿಯಿಂದ ನಾದಿನಿಗೆ ಫೋನ್ ಮಾಡಿ ಶಭಾಷ್ ಎಂದೆ. ಅವಳು ಫೋನ್ ಇಟ್ಟವಳೇ ಲ್ಯಾಬಿನ ಕೋಟನ್ನೂ ಬಿಚ್ಚದೆ ಓಡಿಬಂದಳು.

“ಅಕ್ಕಾ, ಮಾತ್ರೆ ಬಿಡಬೇಡ. ಬಿಟ್ರೆ ಬೆರಳು ಸೊಟ್ಟಗಾಗಿ ಹಾಗೇ ನಿಂತುಬಿಡುತ್ತೆ. ನಾನು ತಂದದ್ದು ಬರೀ ಉಪ್ಪುನೀರು.”

“ಉಪ್ಪುನೀರನ್ನ ಯಾರಾದ್ರೂ ಐಸಲ್ಲಿಟ್ಟು ತರ್ತಾರೇನೇ? ಕೆಲಸ ಹೋಗುತ್ತೆ ಅಂತ ಹೆದರಿ ಮಾತು ಬದಲಾಯಿಸ್ತಿದೀಯ.”

“ಯಾರೋ ಗದರಿಸಿರ್ಬೇಕು, ಪಾಪ,” ಎಂದರು ಅತ್ತೆ.

ನಿಜ ಹೇಳಿದರೂ ನಂಬುವವರಿಲ್ಲ. ನಾದಿನಿ ಸೀದಾ ಅಡುಗೆಮನೆಗೆ ನುಗ್ಗಿದಳು. ಎರಡು ಸಣ್ಣ ಪಾತ್ರೆ ಒಲೆಯ ಮೇಲಿಟ್ಟಳು. ಒಂದಕ್ಕೆ ಮೊಟ್ಟೆಯ ಬಿಳಿಭಾಗವನ್ನು ನೀರಲ್ಲಿ ಕದಡಿ ಹಾಕಿದಳು, ಇನ್ನೊಂದಕ್ಕೆ ಉಳಿದಿದ್ದ ಟ್ಯೂಬುಗಳನ್ನೆಲ್ಲ ಸುರಿದಳು. ಅತ್ತೆ ಅಯ್ಯೋ ಎಂದು ಕೈ ಹಿಡಿಯಲು ಹೋದರು. ಮೊಟ್ಟೆಯ ನೀರು ಕಾಯುತ್ತಲೇ ಬೆಳ್ಳಗೆ ಹೆಪ್ಪುಗಟ್ಟಿತು. ಇನ್ನೊಂದು ಪಾತ್ರೆಯದು ಕೊತಕೊತ ಕುದಿದರೂ ತಿಳಿಯಾಗಿಯೇ ಇತ್ತು.

“ಪ್ರೋಟೀನು ಆಗಿದ್ರೆ ಇದೂ ಬೆಳ್ಳಗಾಗ್ಬೇಕಿತ್ತು.”

ನನ್ನ ಹೆಂಡತಿ ಪಾತ್ರೆಯನ್ನೇ ನೋಡುತ್ತ ನಿಂತಳು. “ನಿಜವಾದದ್ದು ಯಾವಾಗ ತರ್ತೀಯ?”

“ಗೊತ್ತಿಲ್ಲಕ್ಕ. ನಿನ್ನ ಕಾಲಕ್ಕೆ ಆಗ್ದೇನೂ ಇರಬಹುದು.”

ನನಗೆ ರೇಗಿಹೋಯಿತು. ಒಂದು ಸಣ್ಣ ಸುಳ್ಳು ಸೇರಿಸಿ ಹೇಳಬಾರದಿತ್ತೇ? ಸುಳ್ಳಿನಿಂದಲೇ ಇಷ್ಟೆಲ್ಲ ಆದದ್ದೆಂದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಹೆಂಡತಿ ಮಾತ್ರೆಯ ಸ್ಟ್ರಿಪ್ ಎತ್ತಿಕೊಂಡಳು. ಒತ್ತಿದಳು, ಒತ್ತಿದಳು, ಬೆರಳಿಗೆ ಬಲವಿರಲಿಲ್ಲ. ತಂಗಿ ಕಸಿದುಕೊಂಡು ಒಂದು ಮಾತ್ರೆ ತೆಗೆದು ಅವಳ ಮುಂದೆ ಹಿಡಿದಳು.

“ನಿನ್ನ ಮುಖ ನೋಡೋಕೂ ನಂಗಿಷ್ಟ ಇಲ್ಲ,” ಎಂದಳು ಅಕ್ಕ. ಕಣ್ಣು ಮುಚ್ಚಿ ಬಾಯಿ ತೆರೆದಳು.