ಎಡಗಾಲಿನ ಬ್ರೇಕ್

ಮಗಳಿಗೆ ಹತ್ತೊಂಬತ್ತು ತುಂಬಿದ ವರ್ಷ ನಾರ್ತ್ ಕ್ಯಾರೊಲೈನಾದ ಒಂದು ಸಣ್ಣ ರೇಸಿಂಗ್ ತಂಡದಲ್ಲಿ ಅವಳಿಗೆ ಸೀಟು ಸಿಕ್ಕಿತು. ಕೋವಿಡ್ ಇಳಿದು ಟ್ರ್ಯಾಕುಗಳಿಗೆ ಜನ ಮತ್ತೆ ಬರತೊಡಗಿದ್ದ ಕಾಲ. ಒಂದೇ ಕಾರನ್ನು ಇಬ್ಬರು ಹಂಚಿಕೊಂಡು ಓಡಿಸುವ ರೇಸು ಅದು. ಅರ್ಧ ರೇಸಿನಲ್ಲಿ ಕಾರು ಟ್ರ್ಯಾಕ್ ಬಿಟ್ಟು ತಂಡದವರ ಬಳಿ ಬಂದಾಗ ಒಬ್ಬರು ಇಳಿದು ಇನ್ನೊಬ್ಬರು ಹತ್ತುತ್ತಾರೆ. ಅವಳ ಜೊತೆಗಾರ ಐವತ್ತರ ಹತ್ತಿರದ ಒಬ್ಬ ಹಿರಿಯ ಚಾಲಕ. ಹಿಂದೆ ದೊಡ್ಡ ರೇಸುಗಳಲ್ಲಿ ಓಡಿಸಿದವರು, ಮಾತು ಕಡಿಮೆ.

ನಾನು ಹುಬ್ಬಳ್ಳಿಯವಳು, ಈಗ ಇಲ್ಲಿ ನಮ್ಮ ಮನೆಯ ಹತ್ತಿರದ ಊರಾದ ಸ್ಟರ್ಲಿಂಗ್‌ನ ಒಂದು ಕ್ಲಿನಿಕ್ಕಿನಲ್ಲಿ ಫಿಸಿಯೊಥೆರಪಿಸ್ಟ್. ರೇಸಿನ ಬಗ್ಗೆ ನನಗೆ ತಿಳಿದದ್ದೆಲ್ಲ ಮಗಳನ್ನು ಚಿಕ್ಕಂದಿನಿಂದ ಗೋ-ಕಾರ್ಟ್ ಓಡಿಸಲು ಕರೆದೊಯ್ಯುತ್ತ ಕಲಿತದ್ದು. ಗಂಡ ಬರುತ್ತಿರಲಿಲ್ಲ. ಸೆಂಟರ್‌ವಿಲ್‌ನ ನಮ್ಮ ಮನೆಯಲ್ಲಿ ಕೂತು ಫೋನಿನಲ್ಲಿ ಲ್ಯಾಪ್ ಟೈಮ್, ಅಂದರೆ ಒಂದೊಂದು ಸುತ್ತಿಗೆ ಹಿಡಿದ ಸಮಯ, ನೋಡುತ್ತಿದ್ದರು. ಅಂಕಿ ಬದಲಾಗುತ್ತಿದೆ ಎಂದರೆ ಕಾರು ಓಡುತ್ತಿದೆ. ಅವರಿಗೆ ಅಷ್ಟು ಸಾಕಿತ್ತು.

ಪ್ರತಿ ಅಭ್ಯಾಸದ ನಂತರ ತಂಡದ ಇಂಜಿನಿಯರ್ ಇಬ್ಬರ ಓಟದ ಗ್ರಾಫುಗಳನ್ನು ಒಂದರ ಮೇಲೊಂದು ಇಟ್ಟು ತೋರಿಸುತ್ತಿದ್ದ. ಯಾರು ಎಲ್ಲಿ ಬ್ರೇಕ್ ತುಳಿದರು, ಎಷ್ಟು ಬಲವಾಗಿ ತುಳಿದರು ಎಲ್ಲ ಅದರಲ್ಲಿ ಕಾಣುತ್ತದೆ. ಮಗಳ ಗೆರೆ ಒಮ್ಮೆಲೇ ಮೇಲೆ ಹಾರಿ ನಿಧಾನವಾಗಿ ಇಳಿಯುತ್ತಿತ್ತು. ಹಿರಿಯರದು ಬೇಗ ಶುರುವಾಗಿ, ಮೆಲ್ಲಗೆ ಏರಿ, ತಿರುವಿನೊಳಗೂ ಹಾಗೇ ನಿಲ್ಲುತ್ತಿತ್ತು. ಮಗಳು ಹೋಟೆಲಿನ ರೂಮಿನಲ್ಲಿ ಆ ಎರಡನೆಯ ಗೆರೆಯನ್ನು ಲ್ಯಾಪ್‌ಟಾಪಿನಲ್ಲಿ ಹಿಗ್ಗಿಸಿ ನೋಡುತ್ತ ಕೂರುತ್ತಿದ್ದಳು. ಕೆಲವೇ ವಾರಗಳಲ್ಲಿ ಅವಳ ಗೆರೆಯೂ ಅವರದರಂತೆಯೇ ಕಾಣತೊಡಗಿತು. ಆದರೆ ಅವಳ ವೇಗ ಪ್ರತಿ ರೇಸಿಗೂ ಇಳಿಯಿತು.

ಒಮ್ಮೆ ಮನೆಗೆ ವಾಪಸು ಡ್ರೈವ್ ಮಾಡುವಾಗ ಅವಳೇ ಮಾತು ತೆಗೆದಳು.

"ನಾನು ಸ್ಲೋ ಆಗ್ತಿದ್ದೀನಿ ಅಮ್ಮಾ. ಅವರ್ ಥರಾನೇ ಬ್ರೇಕ್ ಮಾಡ್ತೀನಿ, ಸ್ಟಿಲ್ ಸ್ಲೋ."

"ಮತ್ತ ನಿನ್ನ ಥರಾನ ಯಾಕ ಮಾಡಂಗಿಲ್ಲ?"

"ಹೀ ನೋಸ್ ಎವೆರಿಥಿಂಗ್. ನನಗೇನ್ ಗೊತ್ತು?"

ಮುಂದಿನ ರೇಸಿಗೆ ಹೋದಾಗ ಹಿರಿಯ ಚಾಲಕರು ತಂಡದ ಲಾರಿಯ ಮೆಟ್ಟಿಲಿಳಿಯುವುದನ್ನು ನಾನು ಗಮನಿಸಿದೆ. ಸ್ವಲ್ಪ ಅಡ್ಡವಾಗಿ ತಿರುಗಿ, ಪ್ರತಿ ಮೆಟ್ಟಿಲಿಗೂ ಎಡಗಾಲನ್ನೇ ಮೊದಲು ಇಳಿಸುತ್ತಿದ್ದರು. ಕ್ಲಿನಿಕ್ಕಿನಲ್ಲಿ ನಾನು ದಿನವೂ ನೋಡುವ ನಡಿಗೆ ಅದು. ಎಡ ಪಾದದ ಕೀಲು ಸರಿಯಾಗಿ ಮಡಚುತ್ತಿರಲಿಲ್ಲ. ಈ ಕಾರುಗಳಲ್ಲಿ ಬ್ರೇಕ್ ತುಳಿಯುವುದು ಎಡಗಾಲಿನಿಂದ. ಅವರು ಮೆಲ್ಲಗೆ ತುಳಿಯುತ್ತಿದ್ದದ್ದು ಜಾಣತನದಿಂದಲ್ಲ, ಜೋರಾಗಿ ತುಳಿಯಲು ಆಗದೆ ಇರಬಹುದು ಎಂದು ನನಗೆ ಅನ್ನಿಸಿತು.

ಮಗಳಿಗೆ ಹೇಳಲಿಲ್ಲ. ಹೇಳಿದರೆ ಅದು ಇಂಜಿನಿಯರ್‌ಗೆ ಹೋಗುತ್ತದೆ, ಅಲ್ಲಿಂದ ತಂಡದ ಮಾಲೀಕರಿಗೆ. ಆಮೇಲೆ ಆ ಹಿರಿಯರ ಸೀಟು ಉಳಿಯುತ್ತದೋ ಇಲ್ಲವೋ. ಮಧ್ಯಾಹ್ನ ಗ್ಯಾರೇಜಿನ ಹಿಂದೆ ಅವರು ಒಬ್ಬರೇ ಕೂತು ಸ್ಯಾಂಡ್‌ವಿಚ್ ತಿನ್ನುತ್ತಿದ್ದಾಗ ಅವರನ್ನೇ ಕೇಳಿದೆ.

"ನಿಮ್ಮ ಎಡಗಾಲು ಯಾವಾಗ ಮುರಿದದ್ದು?"

ಅವರು ತಿನ್ನುವುದನ್ನು ನಿಲ್ಲಿಸಿದರು. "ಯಾರು ಹೇಳಿದ್ದು?"

"ಯಾರೂ ಹೇಳಲಿಲ್ಲ. ನನ್ನ ಕೆಲಸವೇ ಅದು."

ಬಹಳ ವರ್ಷದ ಹಿಂದೆ ಕಾರು ಗೋಡೆಗೆ ಹೊಡೆದಿತ್ತಂತೆ. ಕಾಲಿನೊಳಗೆ ಇನ್ನೂ ಲೋಹದ ಪ್ಲೇಟ್ ಇದೆ. ಡಾಕ್ಟರು ಓಡಿಸಬಹುದು ಎಂದಿದ್ದಾರೆ, ಆದರೆ ಈ ತಂಡದವರಿಗೆ ಅವರು ಹೇಳಿಕೊಂಡಿಲ್ಲ. "ನಿಮಗೇನು ಬೇಕು ನನ್ನಿಂದ?" ಎಂದು ಕೇಳಿದರು. ದನಿ ಒರಟಾಗಿತ್ತು.

"ನನ್ನ ಮಗಳು ನಿಮ್ಮ ಬ್ರೇಕನ್ನು ಕಾಪಿ ಮಾಡುತ್ತಿದ್ದಾಳೆ."

ಅವರು ಸ್ಯಾಂಡ್‌ವಿಚ್ಚನ್ನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟರು. "ಅವಳಿಗೆ ಭಯ ಹತ್ತಿದೆ ಅಂದುಕೊಂಡಿದ್ದೆ," ಎಂದರು. "ಆ ವಯಸ್ಸಿನಲ್ಲಿ ಒಮ್ಮೊಮ್ಮೆ ಹಾಗಾಗುತ್ತದೆ. ಕೇಳಿದರೆ ಇನ್ನೂ ಜಾಸ್ತಿಯಾಗುತ್ತದೆ ಅಂತ ಸುಮ್ಮನಿದ್ದೆ."

ಮಗಳೊಬ್ಬಳಿಗೇ ಹೇಳುತ್ತಾರೆ ಎಂದುಕೊಂಡಿದ್ದೆ. ಅವರು ಸೀದಾ ಗ್ಯಾರೇಜಿಗೆ ನಡೆದು, ಇಂಜಿನಿಯರ್‌ನ ಎದುರೇ ಶೂ ಬಿಚ್ಚಿ, ಕಾಲುಚೀಲ ಇಳಿಸಿ ಗಾಯದ ಗುರುತು ತೋರಿಸಿದರು. "ನಾನು ಹಾಗೆ ಬ್ರೇಕ್ ಮಾಡುವುದು ಈ ಕಾಲಿನಿಂದಾಗಿ. ಅಲ್ಲಿ ಕಳೆದುಕೊಂಡ ಸಮಯವನ್ನು ಬೇರೆ ಕಡೆ ತುಂಬಿಕೊಳ್ಳುತ್ತೇನೆ. ನಿನ್ನ ಕಾಲು ಚೆನ್ನಾಗಿದೆ, ನೀನು ಜೋರಾಗಿ ತುಳಿ," ಎಂದು ಅಲ್ಲೇ ಇದ್ದ ಮಗಳಿಗೆ ಹೇಳಿದರು. ಇಂಜಿನಿಯರ್ ಕಾಲನ್ನು ನೋಡಿದ, ಆಮೇಲೆ ತನ್ನ ಸ್ಕ್ರೀನ್ ನೋಡಿದ.

ನಾನು ಕಾಲಿನ ವಿಷಯ ಕೇಳಿದ್ದನ್ನು ಹಿರಿಯರು ಮಗಳಿಗೆ ಹೇಳಿದ್ದರು. ಆ ದಿನ ಊಟಕ್ಕೆ ಹೋದಾಗ ಅವಳು ಸಿಟ್ಟಿನಲ್ಲೇ ಇದ್ದಳು.

"ನಿಂಗೆ ಗೊತ್ತಿತ್ತು. ವೈ ಡಿಡಂಟ್ ಯೂ ಟೆಲ್ ಮಿ?"

"ಕಾಲು ಅವರ್ದು. ಅವರಽ ಹೇಳಬೇಕಿತ್ತು."

ಮರುದಿನದ ರೇಸಿನಲ್ಲಿ ಅವಳು ಮೊದಲಿನಂತೆ ತುಳಿದಳು. ಅಭ್ಯಾಸ ತಪ್ಪಿದ್ದರಿಂದ ಆರಂಭದಲ್ಲೇ ಚಕ್ರಗಳು ಬಿಗಿದುಕೊಂಡು ಕಾರು ಟ್ರ್ಯಾಕ್ ಬಿಟ್ಟು ಹುಲ್ಲಿಗೆ ಹೋಯಿತು. ಪೆಟ್ಟೇನೂ ಆಗಲಿಲ್ಲ. ಆಮೇಲೆ ವೇಗ ಬಂತು. ತಂಡ ಆರನೆಯ ಸ್ಥಾನಕ್ಕೆ ಮುಗಿಸಿತು. ಸೀಸನ್ನಿನ ಕೊನೆಯ ಹೊತ್ತಿಗೆ ಅವಳು ಅವರಿಗಿಂತ ವೇಗವಾಗಿ ಓಡಿಸುತ್ತಿದ್ದಳು. ಅವರಿಂದ ಕಲಿತ ಬೇರೆ ಕೆಲವು ಅವಳಲ್ಲಿ ಉಳಿದವು: ಟೈರುಗಳನ್ನು ಕೊನೆಯವರೆಗೂ ಕಾಪಾಡುವುದು, ಪಕ್ಕದ ಕಾರಿಗೆ ಜಾಗ ಬಿಡುವುದು, ಸಿಟ್ಟಿದ್ದಾಗ ರೇಡಿಯೊದಲ್ಲಿ ಬಾಯಿ ಮುಚ್ಚಿಕೊಂಡಿರುವುದು. ಮನೆಯಲ್ಲಿ ಮಾತ್ರ ಆ ಕೊನೆಯದು ಕಾಣಲಿಲ್ಲ.

ಮುಂದಿನ ವರ್ಷಕ್ಕೆ ತಂಡ ಆ ಹಿರಿಯರನ್ನು ಕರೆಯಲಿಲ್ಲ. ವಯಸ್ಸಿನ ಕಾರಣವೋ ಕಾಲಿನ ಕಾರಣವೋ ಯಾರೂ ಹೇಳಲಿಲ್ಲ. ಈಗ ಅವರು ಅಟ್ಲಾಂಟಾದ ಆಚೆ ಒಂದು ಟ್ರ್ಯಾಕಿನಲ್ಲಿ ಹೊಸಬರಿಗೆ ಹೇಳಿಕೊಡುತ್ತಾರೆ. ಕಳೆದ ವಸಂತದಲ್ಲಿ ಮಗಳು ಅಲ್ಲಿಗೆ ರೇಸಿಗೆ ಹೋದಾಗ ಸಿಕ್ಕಿದರು. ನಾನು ಪಕ್ಕದಲ್ಲೇ ಇದ್ದೆ. ಅವತ್ತು ಕಾಲು ತೋರಿಸಿದ್ದರಿಂದಲೇ ಸೀಟು ಹೋಯಿತೇ ಎಂದು ಅವಳು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದಳು.

"ಇರಬಹುದು," ಎಂದರು ಅವರು.

ರೇಸಿಗೆ ಮುಂಚೆ ಚಾಲಕರು ಟ್ರ್ಯಾಕನ್ನು ಒಂದು ಸುತ್ತು ನಡೆದು ನೋಡುವ ರೂಢಿ ಇದೆ. ಮಳೆ ಬಂದರೆ ಮೂರನೆಯ ತಿರುವಿನಲ್ಲಿ ನೀರು ಎಲ್ಲಿ ನಿಲ್ಲುತ್ತದೆ ಎಂದು ತೋರಿಸುತ್ತೇನೆ, ಬಾ ಎಂದು ಅವರು ಅವಳನ್ನು ಕರೆದರು. ಇಬ್ಬರೂ ಹೊರಟರು. ನಾನು ಅವಳ ಹೆಲ್ಮೆಟ್ ಹಿಡಿದುಕೊಂಡು ನೆರಳಿನಲ್ಲಿ ಕೂತೆ.